ಕಲ್ಲಿನ ಮೈಯನ್ನು ಓದುವುದು

ನಮ್ಮ ಕಡೆಯ ಬಯಲಿನಲ್ಲಿ ನೋಡತಕ್ಕದ್ದು ಏನಿದೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಮಲೆನಾಡಿನ ಹಸಿರಿಲ್ಲ, ಕರಾವಳಿಯ ಅಲೆಯಿಲ್ಲ. ಇರುವುದು ಬರಿಯ ಕಲ್ಲು ಮತ್ತು ಬಿಸಿಲು ಎಂಬುದು ಅವರ ದೂರು. ಮಾತೇನೋ ನಿಜ. ಆದರೆ ಛಾಯಾಚಿತ್ರ ತೆಗೆಯುವ ಹವ್ಯಾಸವುಳ್ಳವರಿಗೆ ಇವೆರಡಕ್ಕಿಂತ ಮಿಗಿಲಾದ ಸಾಮಗ್ರಿ ಯಾವುದು? ರವಿವಾರ ನಸುಕಿನಲ್ಲೆದ್ದು ಕಲಬುರಗಿಯಿಂದ ಹುಮನಾಬಾದ ದಾರಿ ಹಿಡಿದು ಕಮಲಾಪುರದಲ್ಲಿಳಿದು, ಹೊಲದ ಬದುಗಳ ಮೇಲೆ ಎರಡು ತಾಸು ಅಡ್ಡಾಡಿದವರಿಗೆ ಇದು ತಾನಾಗಿಯೇ ಮನವರಿಕೆಯಾಗುತ್ತದೆ.

ಮೊದಲು ನಿಸರ್ಗದ ಕೈಬರಹವನ್ನು ನೋಡೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿ ದಖ್ಖನದ ಕರಿಕಲ್ಲಾಯಿತು. ಕಲ್ಲಿನ ಮೈಮೇಲೆ ಕಾಣುವ ಸಣ್ಣ ಸಣ್ಣ ಕುಳಿಗಳು ಅಂದು ಆ ರಸದೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳ ಗುರುತು. ಮಳೆ ಬಿಸಿಲುಗಳಿಗೆ ಮೈಯೊಡ್ಡಿದ ಬಂಡೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಪದರಾಗಿ ಕಳಚಿ, ಕಡೆಗೆ ಎರೆಮಣ್ಣಾಗುತ್ತದೆ. ಬೇಸಿಗೆಯಲ್ಲಿ ಬಾಯ್ದೆರೆದ ಎರೆಹೊಲದ ಬಿರುಕುಗಳು ಆ ಕಥೆಯ ಮುಂದಿನ ಅಧ್ಯಾಯ. ಬಂಡೆಯ ನೆರಳಿನ ಬದಿಯಲ್ಲಿ ಬೂದು, ಹಳದಿ ಬಣ್ಣದ ಚಕ್ರಗಳನ್ನು ಬಿಡಿಸಿದ್ದು ಯಾರು? ನಮ್ಮ ಅಡುಗೆಮನೆಯ ಮಸಾಲೆಗೆ ಬೀಳುವ ಕಲ್ಲುಹೂವಿನ ಬಳಗವೇ. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಫರಸಿಯ ಪುರಾಣವಂತೂ ಇನ್ನೂ ಹಳೆಯದು. ಅದು ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲಿನ ತಳದಲ್ಲಿ ಕೂತ ಕೆಸರು. ದಿನವೂ ನಾವು ಕಾಲೂರುವುದು ಒಂದು ಸಮುದ್ರದ ಮೇಲೆ!

ಇನ್ನು ಎರಡನೆಯದು ಮನುಷ್ಯನ ಕೈಬರಹ. ಕಲಬುರಗಿಯ ಕೋಟೆಯ ಗೋಡೆಯ ಹತ್ತಿರ ನಿಂತು ನೋಡಿದರೆ ಒಂದೊಂದು ಕಲ್ಲಿನ ಮೇಲೂ ಉಳಿಯ ಏಟುಗಳು ಸಾಲಾಗಿ ಕಾಣುತ್ತವೆ. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದವನ ಹೆಸರು ಇತಿಹಾಸಕ್ಕೆ ಗೊತ್ತು. ಈ ಕಲ್ಲನ್ನು ಕಡೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ರುಜು ಎಂದರೆ ಆ ಉಳಿಯ ಗುರುತೊಂದೇ. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ. ಗುಮ್ಮಟಗಳ ಕೆಳಗೆ ಸಾಲುಸಾಲು ಕಮಾನುಗಳು. ಅವುಗಳ ನಡುವೆ ಓರೆಯಾಗಿ ಹಾಯ್ದು ಬರುವ ಬೆಳಕು ಗಾರೆಯ ಒಂದೊಂದು ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ಊರಾಚೆಯ ಹಫ್ತ್ ಗುಂಬಜ್‌ನಲ್ಲಿ ಗಾರೆ ಉದುರಿದ ಕಡೆಯಲ್ಲೆಲ್ಲ ಒಳಗಿನ ಕಲ್ಲು ಕಟ್ಟಿದ ಬಗೆ ಬಯಲಾಗುತ್ತದೆ.

ಇಲ್ಲಿಯೇ ಛಾಯಾಚಿತ್ರದ ಕಸುಬು ಬರುವುದು. ನಡುಹಗಲಿನ ಬಿಸಿಲು ಕಲ್ಲನ್ನು ಚಪ್ಪಟೆ ಮಾಡುತ್ತದೆ; ಸೂರ್ಯ ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು ಅದಕ್ಕೆ ಮೈ ಕೊಡುತ್ತವೆ. ಬೆಳಕು ಬದಿಯಿಂದ ಬಿದ್ದಾಗ ಕಣ್ಣಿಗೆ ಕಾಣದ ಅಕ್ಷರವೂ ನೆರಳಾಗಿ ಎದ್ದು ನಿಲ್ಲುತ್ತದೆ. ಅದಕ್ಕೆ ಸುಣ್ಣದ ಕಡ್ಡಿ ತಿಕ್ಕಬೇಕಿಲ್ಲ, ನೀರು ಸುರಿಯಬೇಕಿಲ್ಲ. ಕ್ಯಾಮರಾ ದೊಡ್ಡದಿರಬೇಕೆಂಬ ನಿಯಮವೂ ಇಲ್ಲ. ಮೊಮ್ಮಗನ ಮೊಬೈಲ್ ಫೋನೇ ಸಾಕು.

ಹವ್ಯಾಸಕ್ಕೆ ಇಷ್ಟೊಂದು ಮಹತ್ವವೇಕೆ ಎಂದು ನೀವು ಕೇಳಬಹುದು. ಸನ್ನತಿಯ ಪ್ರಸಂಗವನ್ನು ನೆನೆಯಿರಿ. 1986ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಮಾಡು ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕ ಚಕ್ರವರ್ತಿಯ ಶಾಸನ ಕಂಡಿತು. ಪೂಜೆಗೊಳ್ಳುತ್ತಲೇ, ಯಾರ ಓದಿಗೂ ಸಿಗದೆ ಆ ಅಕ್ಷರಗಳು ಅಲ್ಲಿದ್ದವು. ಬೇಲೂರು, ಹಳೇಬೀಡುಗಳ ಶಿಲ್ಪವನ್ನು ದೂರದ ವಿದ್ವಾಂಸರ ಮುಂದಿಟ್ಟದ್ದೂ ಛಾಯಾಚಿತ್ರವೇ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ಆ ಚಿತ್ರಸಂಪುಟ 1866ರಲ್ಲಿ ಹೊರಬಂತು. ಅದಕ್ಕೆ ಇತಿಹಾಸದ ಭಾಗವನ್ನು ಬರೆದವನು ನಮ್ಮ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್.

ಇಂದು ಊರೂರಿನಲ್ಲಿಯೂ ಜೀರ್ಣೋದ್ಧಾರ ನಡೆದಿದೆ. ಭಕ್ತಿ ದೊಡ್ಡದು, ಸಂದೇಹವಿಲ್ಲ. ಆದರೆ ಅದರ ಕೈಯಲ್ಲಿ ಸಿಮೆಂಟಿನ ಬುಟ್ಟಿಯೂ ಎಣ್ಣೆಬಣ್ಣದ ಡಬ್ಬಿಯೂ ಇವೆ. ಕಮಲಾಪುರದ ಆಚೆಯ ಒಂದು ಹಳ್ಳಿಯಲ್ಲಿ ವೀರಗಲ್ಲಿಗೆ ಹಸಿರು ಬಣ್ಣ ಬಳಿದಿದ್ದರು. ನಾನು ಸುಮ್ಮನೆ ನೋಡುತ್ತ ನಿಂತುದನ್ನು ಕಂಡು ಹಿರಿಯರೊಬ್ಬರು, “ಯಾಕ್ರಿ ಮಾಸ್ತರ, ದೇವರಿಗೆ ಬಣ್ಣ ಹಚ್ಚಿದ್ರ ತಪ್ಪೇನ್ರಿ?” ಎಂದರು. “ತಪ್ಪಿಲ್ರಿ ಯಜಮಾನ್ರ. ಆದ್ರ ನಿಮ್ಮೂರಿನ ವೀರನ ಮಾರಿ ಮುಚ್ಚಿಹೋಗ್ಯದಲ್ರಿ” ಎಂದೆ. ಅವರು ಹತ್ತಿರ ಹೋಗಿ ಕಲ್ಲಿನ ಮೇಲೆ ಬೆರಳಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, “ಗುಡಿ ಹಿಂದ ಇನ್ನೊಂದು ಐತ್ರಿ, ಅದಕ್ಕಿನ್ನಾ ಹಚ್ಚಿಲ್ಲ. ಬರ್ರಿ, ತೋರಸ್ತೀನಿ” ಎಂದು ಮುಂದಾದರು. ಆ ಕಲ್ಲಿನ ಚಿತ್ರ ಈಗ ನನ್ನಲ್ಲಿದೆ. ಅದರ ಒಂದು ಪ್ರತಿ ಅವರ ಮನೆಯ ಗೋಡೆಯ ಮೇಲೂ ಇದೆ.

ಪಿ. ಬಿ. ದೇಸಾಯಿಯವರಂಥ ವಿದ್ವಾಂಸರು ಈ ಭಾಗದ ಶಾಸನಗಳನ್ನು ಓದಿ, ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ 1958ರಲ್ಲಿ ಪ್ರಕಟಿಸಿದರು. ಅಂಥ ವಿದ್ವತ್ತು ಎಲ್ಲರಿಗೂ ಸಾಧ್ಯವಾಗದು. ಆದರೆ ನೋಡುವುದು ಎಲ್ಲರಿಗೂ ಸಾಧ್ಯ. ಮುಂದಿನ ರವಿವಾರ ಹೊರಟಾಗ ಒಂದು ಚಿತ್ರವನ್ನು ದೂರದಿಂದ, ಒಂದನ್ನು ಹತ್ತಿರದಿಂದ, ಮತ್ತೊಂದನ್ನು ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆಯಿರಿ. ಊರಿನ ಹೆಸರು, ದಿನಾಂಕ, ಕಲ್ಲು ಮುಖ ಮಾಡಿದ ದಿಕ್ಕು, ಇಷ್ಟನ್ನು ಬರೆದಿಡಿರಿ. ಚಿತ್ರ ಸುಂದರವಾಗಿ ಬಂದರೆ ನಿಮ್ಮ ಭಾಗ್ಯ. ಬಾರದಿದ್ದರೂ, ಬಣ್ಣದಡಿಯಲ್ಲಿ ಮುಚ್ಚಿಹೋಗಲಿರುವ ಒಂದು ಸಾಲು ಅದರಿಂದ ಉಳಿದೀತು.