ಒಂದೇ ಕೋಲು: ನಡೆಯೋಕೂ ಆಗಬೇಕು, ನೋಡೋಕೂ ಆಗಬೇಕು

ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆಯಿಂದ ಸೇರಿರೋ ಕನ್ನಡದ ಗೆಳೆಯರಿಗೆ ಸ್ವಾಗತ. ನಾನಿರೋದು ಸಚಿನ್‌ನಲ್ಲಿ. ಊರಿಗೆ ಫೋನ್ ಮಾಡಿ ‘ಸಚಿನ್‌ನಲ್ಲಿದ್ದೀನಿ’ ಅಂದ್ರೆ ಈಗಲೂ ನಗೋರಿದ್ದಾರೆ. ಕ್ರಿಕೆಟಿಗನಲ್ಲ ಸ್ವಾಮಿ, ಸೂರತ್‌ಗೆ ಅಂಟಿಕೊಂಡಿರೋ ಕೈಗಾರಿಕಾ ಊರು, ಹಿಂದೆ ಸಿದ್ದಿ ನವಾಬರ ಸಂಸ್ಥಾನ. ಇರಲಿ.

ಇವತ್ತಿನ ವಿಷಯ ಕೋಲು. ನಮ್ಮ ವಾರಾಂತ್ಯದ ಹಕ್ಕಿ ನೋಡೋ ಗುಂಪಿನಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು: ನಡೆಯುವಾಗ ಊರಿಕೊಳ್ಳೋಕೆ ಒಂದು ಕೋಲು, ಕ್ಯಾಮೆರಾ ಅಥವಾ ದುರ್ಬೀನಿಗೆ ಆಸರೆಯಾಗಿ ಇನ್ನೊಂದು, ಎರಡೆರಡು ಯಾಕೆ ಹೊರಬೇಕು? ಒಂದರಲ್ಲೇ ಆಗಲ್ವಾ? ಆಗುತ್ತೆ. ಆದರೆ ಅಂಗಡಿಯಲ್ಲಿ ‘ಟೂ ಇನ್ ಒನ್’ ಅಂತ ಬರೆದಿರೋದನ್ನೆಲ್ಲ ನಂಬಬೇಡಿ.

ಇಂಗ್ಲಿಷಿನಲ್ಲಿ ಇದಕ್ಕೆ ಶೂಟಿಂಗ್ ಸ್ಟಿಕ್ ಅಂತಾರೆ. ಅದೇ ಹೆಸರಲ್ಲಿ ಹಿಡಿ ಬಿಚ್ಚಿದರೆ ಪುಟ್ಟ ಆಸನವಾಗೋ ಕೋಲೂ ಇದೆ, ಆನ್‌ಲೈನಿನಲ್ಲಿ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತೆ. ನಾನು ಹೇಳ್ತಿರೋದು ಆಸರೆ ಕೋಲಿನ ಬಗ್ಗೆ. ಇದು ಹುಟ್ಟಿದ್ದು ಬಂದೂಕಿನ ಜೊತೆಗೇ. ಹದಿನಾರು, ಹದಿನೇಳನೇ ಶತಮಾನದ ಯುರೋಪಿನ ಸಿಪಾಯಿಗಳು ಭಾರದ ಮಸ್ಕೆಟ್ ಕೋವಿ ಇಡೋಕೆ ಕವಲು ಕೋಲು ಹೊತ್ತು ತಿರುಗ್ತಿದ್ದರು. ಅಮೆರಿಕದ ಬಯಲಲ್ಲಿ ಕಾಡೆಮ್ಮೆ ಬೇಟೆಯವರು ಎರಡು ಕೋಲನ್ನ ಅಡ್ಡಡ್ಡ ಕಟ್ಟಿ ಅದರ ಮೇಲೆ ಕೋವಿ ಇಡ್ತಿದ್ದರು. ಆಲ್ಪ್ಸ್ ಬೆಟ್ಟದ ಬೇಟೆಗಾರರದ್ದು ಆಳೆತ್ತರದ ಒಂದೇ ಕೋಲು, ಹತ್ತೋಕೂ ಅದೇ, ಗುರಿಗೂ ಅದೇ. ನಮ್ಮ ಪ್ರಶ್ನೆಗೆ ಹತ್ತಿರದ ಪೂರ್ವಜ ಈ ಮೂರನೆಯದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಕೊಡವರಿಗೆ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೀತಾರೆ, ಅದು ಬೇರೆ ಕಥೆ. ನಮ್ಮಂಥವರಿಗೆ ಶೂಟಿಂಗ್ ಅಂದ್ರೆ 400 ಎಂಎಂ ಲೆನ್ಸು, ಇಲ್ಲಾಂದ್ರೆ ಕುತ್ತಿಗೆಗೆ ನೇತುಬಿದ್ದ 8 ಪಟ್ಟಿನ ದುರ್ಬೀನು. ಆದರೆ ಕೈ ನಡುಗೋದು ಬೇಟೆಗಾರನಿಗೂ ನಮಗೂ ಒಂದೇ. ದುರ್ಬೀನು ಹಕ್ಕಿಯನ್ನ ಎಂಟು ಪಟ್ಟು ದೊಡ್ಡದು ಮಾಡಿದಾಗ ಕೈನಡುಕವನ್ನೂ ಎಂಟು ಪಟ್ಟು ಮಾಡುತ್ತೆ.

ಈಗ ಅಸಲಿ ತೊಡಕಿಗೆ ಬರ್ತೀನಿ. ಅದು ಉದ್ದ. ಸುಮಾರು 170 ಸೆಂಟಿಮೀಟರ್ ಎತ್ತರದವರನ್ನ ತಗೊಳ್ಳಿ. ಊರುಗೋಲು ಮಣಿಕಟ್ಟಿನ ಮಟ್ಟಕ್ಕಿರಬೇಕು, ಅಂದ್ರೆ 85ರಿಂದ 90 ಸೆಂಟಿಮೀಟರ್. ಚಾರಣದ ಕೋಲು ಮೊಣಕೈ ಮಟ್ಟಕ್ಕೆ, 105ರಿಂದ 110. ಕಣ್ಣಿರೋದು 160ರ ಹತ್ತಿರ. ಕ್ಯಾಮೆರಾ ಎತ್ತರ ಕಳೆದರೂ ಆಸರೆ ಕೋಲು 150 ಇರಲೇಬೇಕು. ಎರಡು ಕೆಲಸಗಳ ನಡುವೆ 40ರಿಂದ 60 ಸೆಂಟಿಮೀಟರ್ ಕಂದಕ. ಗಿಡ್ಡ ಕೋಲಿಗೆ ಕ್ಯಾಮೆರಾ ಹಾಕಿ ಬಗ್ಗಿ ನಿಂತು ನೋಡಿ, ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತೆ.

ಕಂಪನಿಗಳು ಇದಕ್ಕೆ ಕೊಡೋ ಉತ್ತರ ಒಂದರೊಳಗೊಂದು ಸೇರೋ ಕೊಳವೆ. ಉದ್ದ ಬೇಕಾದ ಹಾಗೆ ಬದಲಾಗುತ್ತೆ, ನಿಜ. ಆದರೆ ಇಡೀ ಮೈಭಾರ ನಿಲ್ಲೋದು ಒಂದು ಲಾಕ್ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ತಿರುಗಿಸಿ ಬಿಗಿ ಮಾಡೋ ಲಾಕು ಧೂಳು, ಮರಳು ಸೇರಿದರೆ ಜಾರುತ್ತೆ. ಕೊಳ್ಳೋದೇ ಆದರೆ ಹೊರಗಡೆ ಲಿವರ್ ಇರೋ ಲಾಕಿನದ್ದು ಕೊಳ್ಳಿ, ಅಂಗಡಿಯಲ್ಲೇ ಪೂರ್ತಿ ಭಾರ ಹಾಕಿ ನೋಡಿ.

ಇನ್ನೊಂದು ಉತ್ತರ ರಸ್ತೆ ಬದಿಯಲ್ಲೇ ಇದೆ. ಇಲ್ಲಿನ ರಬಾರಿ, ಭರವಾಡ ಪಶುಪಾಲಕರನ್ನ ನೋಡಿದ್ದೀರಲ್ಲ? ನಮ್ಮೂರ ಕಡೆ ಕುರಿ ಕಾಯೋ ಕುರುಬರನ್ನ? ಅವರ ಕೋಲು ಎದೆಮಟ್ಟ ದಾಟಿರುತ್ತೆ. ನಡೆಯುವಾಗ ನಡುವೆ ಹಿಡೀತಾರೆ, ನಿಂತಾಗ ತುದಿಗೆ ಎರಡೂ ಕೈ ಮಡಚಿ ಗದ್ದ ಊರಿ ಹಿಂಡು ನೋಡ್ತಾರೆ. ನಮಗೆ ಬೇಕಾಗಿರೋದೂ ಅದೇ ಅಲ್ವಾ? ಉದ್ದ ಬದಲಾಯಿಸೋದು ಬೇಡ, ಹಿಡಿಯೋ ಜಾಗ ಬದಲಾಯಿಸಿದರೆ ಸಾಕು. 150ರ ಕೋಲಿಗೆ 105ರ ಎತ್ತರದಲ್ಲಿ ಒಂದು ಗೇಣು ಹುರಿ ಸುತ್ತಿ, ನಡೆಯೋ ಹಿಡಿ ಅದು. ತುದಿ ನೋಡೋ ಹಿಡಿ. ಗಿರ್ನಾರ್‌ನಂಥ ಕಡೆ ಸುಮಾರು 10 ಸಾವಿರ ಮೆಟ್ಟಿಲು ಇಳಿಯುವಾಗ ಕೋಲು ಉದ್ದ ಬೇಕು, ಕೈ ಮೇಲೆ ಜರುಗಿಸಿದರಾಯ್ತು. ದುರ್ಬೀನಿಗಾದರೆ ಕವಲೂ ಬೇಡ. ಎಡಗೈಯಲ್ಲಿ ತುದಿ ಮುಷ್ಟಿ ಹಿಡಿದು ಆ ಮುಷ್ಟಿಯ ಮೇಲೆ ದುರ್ಬೀನು ಇಡಿ.

ಇದು ನನಗೆ ಬರೀ ಗ್ಯಾಜೆಟ್ ಹುಚ್ಚಲ್ಲ. ನಮ್ಮಪ್ಪಯ್ಯ ಸಾಗರದ ಕಡೆಯವರು, ಜೀವನವಿಡೀ ಅಡಿಕೆ ತೋಟದಲ್ಲಿ ಓಡಾಡಿದವರು. ಮಂಡಿ ನೋವು ಶುರುವಾದ ಮೇಲೆ ನನ್ನ ಜೊತೆ ಇಲ್ಲಿಗೆ ಬಂದರು. ಡಾಕ್ಟರು ಕೋಲು ಹಿಡಿದು ದಿನಾ ನಡೀರಿ ಅಂದರು. ‘ಕೋಲು ಹಿಡ್ಕಂಡು ಅಪಾರ್ಟ್‌ಮೆಂಟ್ ಸುತ್ತೂಕೆ ನಂಗೇನು ಪ್ರಾಯ ಆತಾ?’ ಅಂತ ಮೂರು ತಿಂಗಳು ಬಾಲ್ಕನಿ ದಾಟಲಿಲ್ಲ. ಭಾಷೆ ಬರಲ್ಲ, ನೆಲ ತಮ್ಮದಲ್ಲ, ಈಗ ಕಾಲೂ ಇಲ್ಲ ಅನ್ನೋ ಹಾಗೆ ಕೂತುಬಿಟ್ಟರು. ಇಲ್ಲಿ ಅಪ್ಪ ಅಮ್ಮನ್ನ ಕರೆಸಿಕೊಂಡಿರೋ ನಿಮಗೆಲ್ಲ ಆ ಮೌನ ಗೊತ್ತಿರುತ್ತೆ.

ನಾನು ಆಸರೆ ಕೋಲಿಗೆ ಅಂತ ತಂದಿಟ್ಟಿದ್ದ ಬಿದಿರನ್ನ ಅವರು ಎತ್ತಿ ತೂಗಿ ನೋಡಿ, ‘ಇದು ದೋಟಿಗೂ ಆಗದು, ಯಾರು ಆರಿಸಿದ್ದು?’ ಅಂದರು. ಅಲ್ಲಿಂದ ಕೆಲಸ ಅವರ ಕೈಗೆ ಹೋಯ್ತು. ಹೊಸ ಬಿದಿರು ಆರಿಸಿದವರು ಅವರೇ, ಗಂಟು ತಟ್ಟಿ, ಗಾಜಿನ ಚೂರಲ್ಲಿ ಹೆರೆದು, ಹುರಿ ಸುತ್ತಿದರು. ಈಗ ಭಾನುವಾರ ದುಮಸ್ ದಿಕ್ಕಿನ ಗವಿಯರ್ ಕೆರೆಗೆ ಹೊರಡೋಕೆ ನನ್ನನ್ನೇ ಎಬ್ಬಿಸ್ತಾರೆ. ಅದು ಊರುಗೋಲಲ್ಲ, ‘ದುರ್ಬೀನು ಕೋಲು’. ಹೆಸರು ಬದಲಾದರೆ ಸಾಕು ಕೆಲವರಿಗೆ!

ಆದರೆ ಒಂದು ಗಂಭೀರ ಮಾತು. ಶಸ್ತ್ರಚಿಕಿತ್ಸೆ ಆದವರಿಗೆ, ಸಮತೋಲನ ತಪ್ಪೋರಿಗೆ ಈ ಕೋಲು ಸಾಲದು. ಅವರಿಗೆ ಅಳತೆಯ ಊರುಗೋಲೇ ಬೇಕು. ಮತ್ತೆ ಕೋಲು ಹಿಡಿಯೋದು ನೋವಿರೋ ಕಾಲಿನ ಎದುರು ಕೈಯಲ್ಲಿ. ಬಲ ಮಂಡಿ ನೋವಾದರೆ ಎಡಗೈ. ತುಂಬ ಜನ ಉಲ್ಟಾ ಹಿಡೀತಾರೆ.

ಬಿದಿರು ಯಾವುದು? ಡಾಂಗ್ ಕಾಡಿನಲ್ಲಿ ಎರಡು ಜಾತಿ ಮುಖ್ಯ. ಕಟಸ್ ಅನ್ನೋದು ಮುಳ್ಳಿನ ದೊಡ್ಡ ಬಿದಿರು, ಒಳಗೆ ಟೊಳ್ಳು, ಬೇಡ. ಮಾನ್‌ವೇಲ್ ಅನ್ನೋದು ನಮ್ಮ ಗಂಡು ಬಿದಿರು, ಬುಡದ ಕಡೆ ಹೆಚ್ಚುಕಡಿಮೆ ಗಟ್ಟಿ. ಪೊಲೀಸರ ಲಾಠಿ ಆಗ್ತಿದ್ದಿದ್ದೂ ಇದೇ. ಕಾಡಿಗೆ ಹೋಗಿ ಕಡೀಬೇಡಿ. 2017ರ ತಿದ್ದುಪಡಿ ಬಿದಿರನ್ನ ಮರದ ಪಟ್ಟಿಯಿಂದ ತೆಗೆದಿದ್ದು ಅರಣ್ಯದ ಹೊರಗೆ ಬೆಳೆದದ್ದಕ್ಕೆ ಮಾತ್ರ. ದಕ್ಷಿಣ ಗುಜರಾತಿನಲ್ಲಿ ಕೋಟವಾಳಿಯಾ ಸಮುದಾಯದವರು ತಲೆಮಾರುಗಳಿಂದ ಬಿದಿರು ಕೆಲಸ ಮಾಡ್ತಿದ್ದಾರೆ, ಅಂಥವರ ಹತ್ತಿರ ಕೇಳಿ ಕೊಳ್ಳಿ. ಮೂರು ನಾಲ್ಕು ವರ್ಷ ಬಲಿತದ್ದು, ಗಂಟು ಹತ್ತಿರ ಹತ್ತಿರ ಇರೋದು, ದಪ್ಪ 30 ಮಿಲಿಮೀಟರ್ ಆಸುಪಾಸು. 25ಕ್ಕೆ ಇಳಿದರೆ ಏನಾಯ್ತು ಅಂತೀರಾ? ಗಟ್ಟಿ ಕೋಲು ಬಾಗದೆ ನಿಲ್ಲೋ ಶಕ್ತಿ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತೆ. 30ರ ಕೋಲು 25ರದ್ದಕ್ಕಿಂತ ಎರಡು ಪಟ್ಟು ಬಿಗಿ.

ಹಸಿ ಬಿದಿರಾದರೆ ಕೆಲವು ದಿನ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಎರಡು ತಿಂಗಳು ಒಣಗಿಸಿ. ನೀರು ಅದರೊಳಗಿನ ಪಿಷ್ಟ ತೆಗೆಯುತ್ತೆ, ಕುಟ್ಟೆ ಹುಳಕ್ಕೆ ಬೇಕಾಗಿರೋದು ಅದೇ ಪಿಷ್ಟ. ಸೊಟ್ಟ ಇದ್ದರೆ ಸಣ್ಣ ಉರಿಯಲ್ಲಿ ಕಾಯಿಸಿ ನಿಧಾನ ನೆಟ್ಟಗೆ ಮಾಡಿ. ಕೊನೆಗೆ ಅಗಸೆ ಎಣ್ಣೆ.

ಕ್ಯಾಮೆರಾ ಕೂರಿಸೋರು ಇಲ್ಲಿ ಹುಷಾರು. ಕ್ಯಾಮೆರಾ ತಳದ ಮರೆ ಕಾಲು ಇಂಚಿನದು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯವರು ಕೈಗೆ ಸಿಕ್ಕ ಎಂ6 ಬೋಲ್ಟ್ ಕೊಟ್ಟುಬಿಡ್ತಾರೆ. ಒಂದು 6.35 ಮಿಲಿಮೀಟರ್, ಇನ್ನೊಂದು 6, ಕಣ್ಣಿಗೆ ಒಂದೇ ಥರ. ಎಂ6 ಒಳಗೆ ಹೋಗುತ್ತೆ, ಹಿಡಿದ ಹಾಗೂ ಅನ್ನಿಸುತ್ತೆ, ಆಮೇಲೆ ಜಾರಿ ಲಕ್ಷ ರೂಪಾಯಿ ಲೆನ್ಸ್ ನೆಲಕ್ಕೆ. ‘ಕಾಲು ಇಂಚು ಬಿಎಸ್‌ಡಬ್ಲ್ಯೂ’ ಅಂತ ಕೇಳಿ, ಅದೂ ಇಂಚಿಗೆ 20 ಸುತ್ತೇ, ಕೂರುತ್ತೆ. ಕೋಲಿನ ತುದಿ ಸೀಳದ ಹಾಗೆ ಹಿತ್ತಾಳೆ ಬಳೆ ಹಾಕಿಸಿ, ಆಮೇಲೆ ಬೋಲ್ಟನ್ನ ಎಪಾಕ್ಸಿಯಲ್ಲಿ ಕೂರಿಸಿ.

ಬುಡಕ್ಕೆ ಮೆಡಿಕಲ್ ಅಂಗಡಿಯ ರಬ್ಬರ್ ಬುಶ್ ಸಾಕು. ಇಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ಅದಕ್ಕೆ ಮೆತ್ತಿಕೊಂಡು ಜಾರುತ್ತೆ, ಒರೆಸ್ತಾ ಇರಿ. ಕಬ್ಬಿಣದ ಮೊನೆ ಕಲ್ಲಿಗೆ ತಾಗಿದರೆ ಆ ಸದ್ದಿಗೆ ಕೆರೆಯ ಜಂಬುಕೋಳಿಗಳೆಲ್ಲ ಜೊಂಡಿನೊಳಗೆ.

ಒಂದು ಕೋಲು ಮೇಲೆ ಕೆಳಗಿನ ಅಲುಗಾಟ ನಿಲ್ಲಿಸುತ್ತೆ, ಅಕ್ಕಪಕ್ಕದ್ದನ್ನ ಪೂರ್ತಿ ನಿಲ್ಲಿಸಲ್ಲ. ಅದಕ್ಕೆ ಕೋಲನ್ನ ಒಂದು ಹೆಜ್ಜೆ ಮುಂದೆ ಊರಿ, ಕಾಲು ಅಗಲಿಸಿ, ಸ್ವಲ್ಪ ಮುಂದಕ್ಕೆ ವಾಲಿ. ನಿಮ್ಮ ಎರಡು ಕಾಲು, ಒಂದು ಕೋಲು, ಮುಕ್ಕಾಲಿ ಆಯ್ತು. ಇಬ್ಬರು ಹೋಗಿದ್ದರೆ ಎರಡೂ ಕೋಲು ಅಡ್ಡ ಕಟ್ಟಿ, ಆ ಕಾಡೆಮ್ಮೆ ಬೇಟೆಯವರ ಹಾಗೆ.

ಕಾನೂನಿನ ಒಂದು ಮಾತು: ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ನಗರಗಳಲ್ಲಿ ಆಗಾಗ ದೊಣ್ಣೆ, ಲಾಠಿ ಹಿಡಿದು ಓಡಾಡಬಾರದು ಅಂತ ಪ್ರಕಟಣೆ ಹೊರಡುತ್ತೆ. ಹಬ್ಬ, ಚುನಾವಣೆ ಹೊತ್ತಲ್ಲಿ ಪೇಪರ್ ನೋಡಿಕೊಂಡು ಹೊರಡಿ. ಊರಿಗೆ ರೈಲಲ್ಲಿ ಒಯ್ಯೋದು ಸುಲಭ, ವಿಮಾನಕ್ಕಾದರೆ ಚೆಕ್-ಇನ್‌ಗೆ ಹಾಕಿ.

ಚಳಿಗಾಲದಲ್ಲಿ ವಡೋದರಾದವರು ವಢವಾಣಾಕ್ಕೆ, ಅಹಮದಾಬಾದಿನವರು ಥೋಳ್‌ಗೆ ಹೋಗಿ. ಎರಡೂ 2021ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜಾಗ, ಎರಡರಲ್ಲೂ ದಂಡೆ ಮೇಲೆ ನಿಂತು ನೋಡಬಹುದು, ಕೋಲಿಗೆ ಹೇಳಿ ಮಾಡಿಸಿದ ಹಾಗೆ. ನಳ ಸರೋವರದಲ್ಲಿ ಮಾತ್ರ ದೋಣಿ. ಅಲ್ಲಿ ಕೋಲನ್ನ ದೋಣಿಯ ತಳಕ್ಕೆ ಊರಬೇಡಿ, ಅಂಬಿಗ ಗಳ ಹಾಕಿದ ಪ್ರತಿ ಸಲವೂ ಆ ಕಂಪನ ನೇರ ಲೆನ್ಸಿಗೆ ಬರುತ್ತೆ. ಬುಡವನ್ನ ನಿಮ್ಮ ಶೂ ಮೇಲೆ ಇಟ್ಟುಕೊಳ್ಳಿ. ಅರ್ಧ ಅಲುಗಾಟ ಕಾಲೇ ನುಂಗಿಬಿಡುತ್ತೆ.

ಅಷ್ಟೇ. ಈಗ ಪ್ರಶ್ನೆಗಳಿದ್ದರೆ ಕೇಳಿ.