ಸಮ್ಮಟಿ ಹಿಡಿದ ಸೋದರಿಯರು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದೆಹಲಿಯ ರಸ್ತೆಗಳ ಬದಿಯಲ್ಲಿ ಗಾಡಿಯಾ ಲೋಹಾರರ ಕುಲುಮೆಗಳನ್ನು ನೀವೆಲ್ಲ ಕಂಡಿದ್ದೀರಿ. ತವೆ, ಚಿಮಟ, ಬಾಣಲೆ, ಕೊಡಲಿ ಮಾಡಿ ಮಾರುವ ಜನ ಅವರು. 1568ರಲ್ಲಿ ಚಿತ್ತೋಡ ಅಕ್ಬರನ ವಶವಾದಾಗ ಊರು ಬಿಟ್ಟ ಕಮ್ಮಾರರ ಸಂತತಿ ತಾವೆಂದು ಹೇಳಿಕೊಳ್ಳುತ್ತಾರೆ. ಕೋಟೆ ಮರಳಿ ಬರುವವರೆಗೆ ಮನೆಯಲ್ಲಿ ವಾಸಿಸುವುದಿಲ್ಲವೆಂದು ಪಣ ತೊಟ್ಟು, ಎತ್ತಿನ ಗಾಡಿಯನ್ನೇ ಮನೆ ಮಾಡಿಕೊಂಡರಂತೆ. 1955ರ ಏಪ್ರಿಲಿನಲ್ಲಿ ಪ್ರಧಾನಿ ನೆಹರೂ ಅವರನ್ನು ಆ ಕೋಟೆಯೊಳಗೆ ಕರೆದೊಯ್ದರು. ಪಣವೇನೋ ತೀರಿತು, ಮನೆ ಮಾತ್ರ ಬಹಳ ಮಂದಿಗೆ ದೊರೆಯಲಿಲ್ಲ.

ಇಂದು ನಾನು ಹೇಳಹೊರಟದ್ದು ಆ ಕುಲದ ಹೆಂಗಸರ ವಿಚಾರ. ಕುಲುಮೆಯ ಮುಂದೆ ಗಂಡಸು ಕುಳಿತು ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದಿರುತ್ತಾನೆ. ಎದುರಿಗೆ ನಿಂತು ಭಾರವಾದ ಸಮ್ಮಟಿಯನ್ನು ತಲೆಯ ಮೇಲಕ್ಕೆತ್ತಿ ಬಡಿಯುವವಳು ಅವನ ಹೆಂಡತಿಯೋ ಮಗಳೋ. ಕಬ್ಬಿಣ ಆರುವುದರೊಳಗೆ ಪೆಟ್ಟು ಗುರಿ ತಪ್ಪದೆ ಬೀಳಬೇಕು. ತಿದಿಯೊತ್ತುವವಳೂ ಅವಳೇ, ಸರಕು ಹರಡಿ ಗಿರಾಕಿಯೊಡನೆ ಚೌಕಾಸಿಗೆ ನಿಲ್ಲುವವಳೂ ಅವಳೇ. ಆದರೂ ಕಮ್ಮಾರ ಯಾರೆಂದು ಕೇಳಿದರೆ ಜನ ಇಕ್ಕಳ ಹಿಡಿದವನನ್ನು ತೋರಿಸುತ್ತಾರೆ. ಅವಳು ಬರಿಯ ಕೈಯಾಳು!

ಇದು ಇಲ್ಲಿಯ ಮಾತು ಮಾತ್ರವಲ್ಲ. ಆಫ್ರಿಕದ ಹಲವು ಕಡೆ ಹಿಂದೆ ಅದಿರು ಕರಗಿಸುವ ಒಲೆಯನ್ನು ಹೆಣ್ಣಿನ ಒಡಲೆಂದೇ ಎಣಿಸುತ್ತಿದ್ದರು. ಜಿಂಬಾಬ್ವೆಯ ಶೋನಾ ಜನ ಅದಕ್ಕೆ ಮಣ್ಣಿನ ಮೊಲೆಗಳನ್ನೂ ಮಾಡುತ್ತಿದ್ದರು. ಕಬ್ಬಿಣ ಹುಟ್ಟುವುದು ಹೆರಿಗೆಯಂತೆ ಎಂಬ ಭಾವನೆ. ಆದರೆ ಆ ಹೊತ್ತಿಗೆ ನಿಜವಾದ ಹೆಂಗಸು ಹತ್ತಿರ ಸುಳಿಯಬಾರದು! ಅದಿರು, ಇದ್ದಲು ಹೊರಲು ಮಾತ್ರ ಅನೇಕ ಕಡೆ ಅವಳೇ ಬೇಕು. ಪಶ್ಚಿಮ ಆಫ್ರಿಕದ ಮಾಂಡೆ ಜನರಲ್ಲಿ ಕಮ್ಮಾರರ ಹೆಂಗಸರು ಮಡಕೆ ಮಾಡುವ ಕಸುಬನ್ನು ತಮ್ಮದೇ ಮಾಡಿಕೊಂಡರು. ಸ್ವಂತ ಕಸುಬು, ಸ್ವಂತ ಸಂಪಾದನೆ ಇದ್ದಲ್ಲಿ ಹೆಣ್ಣಿನ ಮಾತಿಗೆ ತೂಕ ಬರುತ್ತದೆ.

ಸಮಾನ ಕೆಲಸಕ್ಕೆ ಸಮಾನ ಸಂಬಳವೆಂಬ ಕಾಯಿದೆ ನಮ್ಮಲ್ಲಿ 1976ರಲ್ಲಿ ಬಂದಿತು. ಸಂಬಳವೇ ಇಲ್ಲದ ಮನೆಯ ಕುಲುಮೆಯಲ್ಲಿ ಯಾವುದಕ್ಕೆ ಯಾವುದನ್ನು ಸಮ ಮಾಡುವುದು?

ಬಂಧುಗಳೆ, ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ಹಿಟ್ಟು ರುಬ್ಬಿ, ಸಾರಿನ ಪುಡಿ ಕುಟ್ಟಿ, ಗಂಡನ ಸಣ್ಣ ಹೋಟೆಲಿಗೆ ಕಳಿಸುವ ಸೋದರಿ ಲೆಕ್ಕದ ಪುಸ್ತಕದಲ್ಲಿ ಎಲ್ಲಿದ್ದಾಳೆ? ಅವಳ ದುಡಿಮೆಗೂ ಒಂದು ಸಾಲು ಬರೆಯಿರಿ. ಅವಳ ಹೆಸರಿನಲ್ಲಿ ಉಳಿತಾಯದ ಖಾತೆ ತೆರೆಯಿರಿ. ಸಂಘದ ಸದಸ್ಯತ್ವದ ರಸೀತಿ ಅವಳ ಹೆಸರಿಗೂ ಬರಲಿ. ಸಭೆಯಲ್ಲಿ ಅವಳೂ ಎದ್ದು ಮಾತನಾಡಲಿ.