ಗಿಲ್ಡ್‌ಹಾಲಿನ ಒಳಗೆ

ಲಂಡನ್ನಿಗೆ ಹೋಗುವ ನಮ್ಮವರು ಅರಮನೆ, ಕೋಟೆ, ಸೇತುವೆಗಳನ್ನು ತಪ್ಪದೆ ನೋಡಿ ಬರುತ್ತಾರೆ. ಮಗನದೋ ಮಗಳದೋ ಮನೆಗೆಂದು ನೀವೂ ಅಲ್ಲಿಗೆ ಹೋಗುವುದಿದ್ದರೆ ಗಿಲ್ಡ್‌ಹಾಲಿಗಾಗಿ ಒಂದು ಬೆಳಿಗ್ಗೆಯನ್ನು ಎತ್ತಿಡಿ. ಅದು ಲಂಡನ್ನಿನ ಹಳೆಯ ಪೇಟೆಯ ಪುರಭವನ. ಔತಣ, ಸಭೆಗಳಿಲ್ಲದ ದಿನಗಳಲ್ಲಿ ಸಾರ್ವಜನಿಕರು ಹಣ ಕೊಡದೆ ಒಳಗೆ ಹೋಗಬಹುದು. ಬಾಗಿಲು ತೆರೆದಿರುವುದೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.

ಅಲ್ಲಿನ ಮಹಾಸಭಾಂಗಣವನ್ನು ಕಟ್ಟತೊಡಗಿದ್ದು 1411ರಲ್ಲಿ. ಉದ್ದ ಸುಮಾರು 150 ಅಡಿ. 1666ರ ದೊಡ್ಡ ಬೆಂಕಿಯಲ್ಲಿ ಮಾಡು ಸುಟ್ಟುಹೋಯಿತು, ಗೋಡೆಗಳು ನಿಂತವು. 1940ರ ಡಿಸೆಂಬರ್ 29ರ ರಾತ್ರಿ ಜರ್ಮನರ ಬಾಂಬಿಗೆ ಮಾಡು ಮತ್ತೆ ಉರಿಯಿತು. ಗೋಡೆಗಳು ಆಗಲೂ ನಿಂತವು. ಗಾಗ್, ಮೇಗಾಗ್ ಎಂಬ ಮರದ ದೈತ್ಯರಿಬ್ಬರು ಅಂದು ಬೂದಿಯಾದರು. ಈಗಿರುವವರು ಯುದ್ಧ ಮುಗಿದ ಮೇಲೆ ಕೆತ್ತಿಸಿದವರು. ಮಕ್ಕಳು ಜೊತೆಯಲ್ಲಿದ್ದರೆ ಮೊದಲು ಅವರನ್ನೇ ತೋರಿಸಿ.

ಆಮೇಲೆ ವಿಲಿಯಂ ಬೆಕ್‌ಫರ್ಡನ ಅಮೃತಶಿಲೆಯ ಮೂರ್ತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಈತ ಎರಡು ಬಾರಿ ಲಂಡನ್ನಿನ ಮೇಯರಾಗಿದ್ದವನು, ದೊರೆಗೆ ಎದುರಾಡಿದ ಧೀರನೆಂದು ಹೆಸರಾದವನು. ಅವನ ಐಶ್ವರ್ಯವೆಲ್ಲ ಜಮೈಕಾದ ಕಬ್ಬಿನ ತೋಟಗಳದ್ದು. ಅಲ್ಲಿ ದುಡಿದವರು ಆಫ್ರಿಕದ ಗುಲಾಮರು. ಮೂರ್ತಿ ನಿಂತದ್ದು 1772ರಲ್ಲಿ.

ಅದಾಗಿ 11 ವರ್ಷಕ್ಕೆ, 1783ರ ಮಾರ್ಚಿಯಲ್ಲಿ, ಇದೇ ಗಿಲ್ಡ್‌ಹಾಲಿನಲ್ಲಿ ಒಂದು ವಿಮೆಯ ವ್ಯಾಜ್ಯ ವಿಚಾರಣೆಗೆ ಬಂತು. ಜಮೈಕಾಕ್ಕೆ ಹೊರಟಿದ್ದ ಜಾಂಗ್ ಎಂಬ ಹಡಗಿನವರು, ಕುಡಿಯುವ ನೀರು ಸಾಲದೆಂಬ ನೆಪ ಹೇಳಿ, ಸುಮಾರು 130 ಗುಲಾಮರನ್ನು ಜೀವಸಹಿತ ಸಮುದ್ರಕ್ಕೆ ಎಸೆದಿದ್ದರು. ಹಡಗಿನ ಒಡೆಯರು ಕೇಳಿದ್ದು ತಲೆಗೆ 30 ಪೌಂಡು ಪರಿಹಾರ. ಮನುಷ್ಯರನ್ನು ಕೊಂದರೆಂಬ ಮಾತೇ ಅಲ್ಲಿ ಏಳಲಿಲ್ಲ; ಸರಕು ನಷ್ಟವಾಯಿತು, ವಿಮೆಯವರು ಹಣ ಕೊಡಬೇಕೇ ಬೇಡವೇ, ಇಷ್ಟೇ ಪ್ರಶ್ನೆ. ಕೊಡಬೇಕೆಂದರು ಪಂಚರು!

ಈ ಸುದ್ದಿಯನ್ನು ಗ್ರಾನ್ವಿಲ್ ಶಾರ್ಪ್ ಎಂಬ ಸಜ್ಜನನಿಗೆ ಮುಟ್ಟಿಸಿದವನು ಒಲಾವುಡಾ ಎಕ್ವಿಯಾನೋ, ತಾನೂ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಮೇಲಿನ ನ್ಯಾಯಾಧೀಶರು ಮರುವಿಚಾರಣೆಗೆ ಅಪ್ಪಣೆ ಕೊಟ್ಟರು. ಕೊಲೆಯ ಮೊಕದ್ದಮೆ ಹೂಡಿಸಲು ಶಾರ್ಪ್ ಪಟ್ಟ ಪಾಡು ಫಲಿಸಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಗುಲಾಮರ ವ್ಯಾಪಾರದ ವಿರುದ್ಧ ಇಂಗ್ಲೆಂಡಿನಲ್ಲಿ ಎದ್ದ ಚಳವಳಿಗೆ ಈ ಪ್ರಕರಣ ಬಲ ಕೊಟ್ಟಿತು. 1807ರಲ್ಲಿ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು.

ಬೆಕ್‌ಫರ್ಡನ ಮೂರ್ತಿಯನ್ನು ತೆಗೆಯಬೇಕೆಂದು ನಗರಸಭೆ 2021ರ ಜನವರಿಯಲ್ಲಿ ನಿಶ್ಚಯಿಸಿತ್ತು. ಅದೇ ವರ್ಷ ಮನಸ್ಸು ಬದಲಿಸಿ, ಇರಲಿ, ಪಕ್ಕದಲ್ಲಿ ಅವನ ಸಂಪತ್ತಿನ ಮೂಲವನ್ನು ಬರೆಸೋಣ ಎಂದಿತು. ನನಗಂತೂ ಇದು ಸರಿಯೆನಿಸುತ್ತದೆ. ನೀವು ಆ ಗೋಡೆಗಳ ನಡುವೆ ನಿಂತು ನೋಡಿ, ನಿಮಗೆ ಬೇರೆ ತೋರಿದರೂ ತೋರೀತು.